ಮುದಿಬೆಕ್ಕಿನ ಊಟದ ಹೊತ್ತು: ಒಂದು ಅವಲೋಕನ

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಬೆಕ್ಕಿನ ಕುರಿತು ಲೇಖನವೇ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಗಡಿನಾಡಿನ ಭಾಷೆಯ ಬಗ್ಗೆ, ಯಕ್ಷಗಾನದ ಬಗ್ಗೆ, ಈ ಶಾಲೆಯನ್ನು ಕಟ್ಟಿದ ಹಿರಿಯರ ಬಗ್ಗೆ ಬರೆಯಲು ನನಗಿಂತ ಅರ್ಹರಾದವರು ಅನೇಕರಿದ್ದಾರೆ. ಜೀವಶಾಸ್ತ್ರವನ್ನು ಕಲಿಸುತ್ತ ಬಂದ ನಾನು, ಪಠ್ಯಪುಸ್ತಕದಲ್ಲಿಲ್ಲದ, ಆದರೆ ನಮ್ಮ ಮಕ್ಕಳ ಮನೆಯಂಗಳದಲ್ಲಿಯೇ ಇರುವ ಒಂದು ಪಾಠವನ್ನು ಆರಿಸಿಕೊಂಡಿದ್ದೇನೆ.

ಕಾಸರಗೋಡಿನ ಅಡಿಕೆ ತೋಟದ ಮನೆಗಳಲ್ಲಿ ಬೆಕ್ಕಿಲ್ಲದ ಮನೆ ವಿರಳ. ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ, ತರಗತಿಯಲ್ಲಿ ಬೆಕ್ಕು. ಊಟದ ಹೊತ್ತಿಗೆ ಯಾವ ಭಾಷೆಯಲ್ಲಿ ಕರೆದರೂ ಅದು ಬರುತ್ತದೆ, ಕರೆಯದಿದ್ದರೂ ಬರುತ್ತದೆ. ಹೀಗೆ ಹತ್ತು ಹನ್ನೆರಡು ವರ್ಷ ಹೊತ್ತು ತಪ್ಪದೆ ಬಂದ ಪ್ರಾಣಿ ಒಂದು ದಿನ ತಟ್ಟೆಯನ್ನು ಮೂಸಿ ಹಿಂದಿರುಗಿದರೆ, ಅಥವಾ ಎಂದೂ ಬೇಡದ್ದು ಒಲೆಯ ಬುಡದಲ್ಲಿ ನಿಂತು ಕೂಗತೊಡಗಿದರೆ, ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಅದಕ್ಕೆ ಪ್ರಾಯವಾಯಿತು." ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಹತ್ತು ವರ್ಷ ದಾಟಿದ ಬೆಕ್ಕನ್ನು ವೃದ್ಧವೆಂದು ಪರಿಗಣಿಸುವುದು ಸರಿಯೇ. ಆದರೆ ವೃದ್ಧಾಪ್ಯವು ಮೆಲ್ಲಮೆಲ್ಲನೆ ಬರುವಂಥದ್ದು. ಒಂದು ವಾರದೊಳಗೆ ನಡತೆ ಬದಲಾಯಿತೆಂದರೆ ವೃದ್ಧಾಪ್ಯದ ಮರೆಯಲ್ಲಿ ಬೇರೇನೋ ಇದೆಯೆಂದೇ ತಿಳಿಯಬೇಕು.

ಬೆಕ್ಕು ಊಟವನ್ನು ನಾಲಿಗೆಗಿಂತ ಹೆಚ್ಚಾಗಿ ಮೂಗಿನಿಂದ ಅರಿಯುತ್ತದೆ. ಸಿಹಿಯ ರುಚಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ. ಸಿಹಿಯನ್ನು ಗ್ರಹಿಸಲು ಬೇಕಾದ ಒಂದು ವಂಶವಾಹಿಯು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿರುವುದನ್ನು ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. (ಪಾಯಸದ ಪಾತ್ರೆಯನ್ನು ಅದು ನೆಕ್ಕುವುದು ಹಾಲು ತುಪ್ಪಗಳಿಗಾಗಿ, ಬೆಲ್ಲಕ್ಕಾಗಿ ಅಲ್ಲ.) ಶೀತದಿಂದ ಮೂಗು ಕಟ್ಟಿದ ಅಥವಾ ಘ್ರಾಣಶಕ್ತಿ ಕುಗ್ಗಿದ ಬೆಕ್ಕು ತಣ್ಣಗಿನ ಆಹಾರವನ್ನು ಆಹಾರವೆಂದೇ ಗುರುತಿಸಲಾರದು. ಆಗ ಆಹಾರವನ್ನು ಬೆಕ್ಕಿನ ಮೈಯ ಶಾಖದಷ್ಟು, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಎಷ್ಟೋ ಬೆಕ್ಕುಗಳು ಅಷ್ಟಕ್ಕೇ ತಟ್ಟೆಗೆ ಮರಳುತ್ತವೆ.

ತಟ್ಟೆಯ ಮುಂದೆ ನಿಂತು ನಾವು ಕೇಳಬೇಕಾದ ಮೊದಲ ಪ್ರಶ್ನೆ, ಬೆಕ್ಕಿಗೆ ಊಟ ಬೇಡವೋ ಅಥವಾ ಬೇಕಾಗಿಯೂ ತಿನ್ನಲು ಆಗುತ್ತಿಲ್ಲವೋ ಎಂಬುದು. ಬೇಕಾಗಿರುವ ಬೆಕ್ಕು ಓಡಿ ಬರುತ್ತದೆ, ಬಾಯಿ ಹಾಕುತ್ತದೆ, ತಲೆಯನ್ನು ಒಂದು ಬದಿಗೆ ವಾಲಿಸಿ ಅಗಿಯುತ್ತದೆ, ತುತ್ತನ್ನು ಕೆಳಗೆ ಬೀಳಿಸುತ್ತದೆ. ಕೆಲವೊಮ್ಮೆ ತಟ್ಟೆಯೇ ಕಚ್ಚಿತೋ ಎಂಬಂತೆ ಬುಸುಗುಟ್ಟಿ ಓಡುತ್ತದೆ. ನೋವಿರುವುದು ಬಾಯಿಯಲ್ಲಿ. ವಯಸ್ಕ ಬೆಕ್ಕಿಗೆ 30 ಹಲ್ಲುಗಳು; ಮುಪ್ಪಿನಲ್ಲಿ ವಸಡು ಬಾಯುವುದು, ಹಲ್ಲು ಬುಡದಲ್ಲಿಯೇ ಕರಗುತ್ತ ಹೋಗುವುದು ಬಹಳ ಸಾಮಾನ್ಯ. ಬೇಡವಾಗಿರುವ ಬೆಕ್ಕಿನ ರೀತಿ ಬೇರೆ. ಅದು ಮೂಸಿ, ತುಟಿ ನೆಕ್ಕಿ, ಗುಟುಕರಿಸಿ, ಮುಖ ತಿರುಗಿಸುತ್ತದೆ. ಇದು ಓಕರಿಕೆಯ ಲಕ್ಷಣ. ಇದರೊಂದಿಗೆ ನೀರು ಕುಡಿಯುವುದು ಮತ್ತು ಮೂತ್ರ ಹೋಗುವುದು ಹೆಚ್ಚಾಗಿದ್ದರೆ ಮೂತ್ರಪಿಂಡಗಳ ಮೇಲೆ ಸಂಶಯಪಡಬೇಕು. ಮುದಿಬೆಕ್ಕುಗಳನ್ನು ಕಾಡುವ ಕಾಯಿಲೆಗಳಲ್ಲಿ ಅದು ಮುಖ್ಯವಾದುದು.

ಇನ್ನು ಹಸಿವು ಹೆಚ್ಚಾಗುವ ಬಗೆ. ಇದು ಜನರನ್ನು ಹೆಚ್ಚು ಮೋಸಗೊಳಿಸುತ್ತದೆ, ಏಕೆಂದರೆ ಚೆನ್ನಾಗಿ ತಿನ್ನುವ ಪ್ರಾಣಿ ಆರೋಗ್ಯವಾಗಿದೆಯೆಂಬುದು ನಮ್ಮ ನಂಬಿಕೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡತೊಡಗಿದರೆ ಬೆಕ್ಕು ಎಷ್ಟು ತಿಂದರೂ ಸೊರಗುತ್ತದೆ, ರಾತ್ರಿಯಿಡೀ ಕೂಗುತ್ತ ಅಲೆಯುತ್ತದೆ. ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ಅಮೆರಿಕದ ಪಶುವೈದ್ಯರು 1979ರಲ್ಲಿ ಮೊದಲು ವಿವರಿಸಿದರು. ಮಧುಮೇಹದಲ್ಲಿಯೂ ಹಸಿವು ಹೆಚ್ಚಿ ಮೈ ಇಳಿಯುತ್ತದೆ, ಜೊತೆಗೆ ಬಾಯಾರಿಕೆ. ಉಂಡುದನ್ನು ಮರೆತು ಮತ್ತೆ ಕೇಳುವ ಅತಿ ಮುದಿಬೆಕ್ಕುಗಳೂ ಇವೆ. ಆದರೆ ನಮ್ಮ ಕಡೆಯ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಕಾರಣವಿದ್ದು, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ನಮ್ಮ ಮನೆಯಲ್ಲಿ ಬೊಳ್ಳಿ ಎಂಬ ಬಿಳಿಯ ಹೆಣ್ಣು ಬೆಕ್ಕೊಂದಿತ್ತು. ಮಾಂಸಾಹಾರವಿಲ್ಲದ ಮನೆ, ಎರಡು ಹೊತ್ತು ಹಾಲನ್ನ, ಅದರಲ್ಲಿಯೂ ಅರ್ಧವನ್ನು ಅದು ಬಿಡುತ್ತಿತ್ತು. ಹದಿಮೂರನೆಯ ವರ್ಷದಲ್ಲಿ ಇದ್ದಕ್ಕಿದ್ದಂತೆ ತಟ್ಟೆಯನ್ನು ಒರೆಸಿದಂತೆ ನೆಕ್ಕತೊಡಗಿತು. ಎಲೆ ಹಾಕುವ ಮೊದಲೇ ಬಂದು ಕೂಗುವುದು, ಮಕ್ಕಳ ಎಲೆಗೆ ಬಾಯಿಕ್ಕುವುದು ಸುರುವಾಯಿತು. "ಪ್ರಾಯ ಆದ ಹಾಗೆ ಬಾಯಿಚಪಲ ಹೆಚ್ಚು" ಎಂದರು ನಮ್ಮ ಚಿಕ್ಕಮ್ಮ. ಶಾಲೆಯ ವಿಜ್ಞಾನ ಸಂಘದ ಮಕ್ಕಳಿಗೆ ಸಾಕುಪ್ರಾಣಿಗಳ ತೂಕವನ್ನು ಬರೆದಿಡುವ ಕೆಲಸ ಕೊಟ್ಟಿದ್ದ ನಾನು ಬೊಳ್ಳಿಯ ತೂಕವನ್ನೂ ಬರೆದಿಟ್ಟಿದ್ದೆ: 4 ಕಿಲೋ. ಈಗ ಬುಟ್ಟಿಯಲ್ಲಿ ಕುಳ್ಳಿರಿಸಿ ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ಬುಟ್ಟಿಯ ತೂಕವನ್ನು ಕಳೆದರೆ ಮೂರೂವರೆ. ಅರ್ಧ ಕಿಲೋ ಅಷ್ಟೆ ಎನ್ನಬಾರದು. 60 ಕಿಲೋ ತೂಗುವ ಮನುಷ್ಯನು ಏಳೂವರೆ ಕಿಲೋ ಇಳಿದುದಕ್ಕೆ ಅದು ಸಮ.

ಪಶುವೈದ್ಯರು ಕುತ್ತಿಗೆ ಮುಟ್ಟಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್, ಸಕ್ಕರೆ, ಮೂತ್ರಪಿಂಡ ಯಾವುದರಲ್ಲಿಯೂ ದೋಷವಿರಲಿಲ್ಲ. ಕಂಡದ್ದು ಇಷ್ಟು: ಒಂದು ಕೋರೆಹಲ್ಲು ಮುರಿದಿತ್ತು, ಇನ್ನೊಂದು ಅಲುಗಾಡುತ್ತಿತ್ತು, ಸೊಂಟದ ಕೀಲುಗಳು ಬಿಗಿದಿದ್ದವು. ಅವರು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಮಾಷೇ, ಇದು ಇಲಿ ಹಿಡಿಯುವುದನ್ನು ನೀವು ಕೊನೆಗೆ ಕಂಡದ್ದು ಯಾವಾಗ?"

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋ ಕ್ಯಾಲೊರಿ ಬೇಕು. ಬೊಳ್ಳಿ ತಿನ್ನುತ್ತಿದ್ದ ಹಾಲನ್ನದಿಂದ ಹೆಚ್ಚೆಂದರೆ 100 ಸಿಗುತ್ತಿತ್ತು. ಒಂದು ಸಣ್ಣ ಇಲಿಯಿಂದ ಸುಮಾರು 30 ದೊರೆಯುತ್ತದೆ. ಅಂದರೆ ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ, ತೋಟದ ಅಂಚಿನಲ್ಲಿ ಇಲಿ ಹಲ್ಲಿ ಮಿಡತೆಗಳನ್ನು ಹಿಡಿದು ತನ್ನ ಊಟದ ಅರ್ಧಕ್ಕೂ ಮಿಕ್ಕಿದ ಪಾಲನ್ನು ಅದು ತಾನೇ ಸಂಪಾದಿಸುತ್ತಿತ್ತು. ಹಲ್ಲು ಮುರಿದು ನೆಗೆತ ನಿಂತೊಡನೆ ಆ ಸಂಪಾದನೆಯೂ ನಿಂತಿತು. ನಮಗೆ ಕಂಡದ್ದು ಆಸೆಬುರುಕತನ, ನಡೆದದ್ದು ಉಪವಾಸ. ಬರಿಯ ಕ್ಯಾಲೊರಿಯ ಮಾತೂ ಇದಲ್ಲ. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಪ್ರಾಣಿಜನ್ಯ ಆಹಾರದಿಂದಲೇ ಅದು ಬರಬೇಕು. ಅದರ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ದುರ್ಬಲವಾಗುವುದೆಂದು 1987ರಲ್ಲಿ ಗೊತ್ತಾಯಿತು. ಅನ್ನದಲ್ಲಿ ಅದು ಇಲ್ಲ, ಇಲಿಯಲ್ಲಿ ಧಾರಾಳವಾಗಿದೆ.

ಅಲುಗಾಡುವ ಹಲ್ಲನ್ನು ಕೀಳಿಸಿದೆವು. ಬೆಕ್ಕಿಗೆಂದೇ ತಯಾರಿಸಿದ, ಟಾರಿನ್ ಸೇರಿಸಿದ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಟ್ಟೆವು. ಬೇಯಿಸಿದ ಮೊಟ್ಟೆಯೂ ಇತ್ತು, ಆದರೆ ಚಿಕ್ಕಮ್ಮನವರ ಆಜ್ಞೆಯಂತೆ ಅದರ ಒಲೆ ಕೊಟ್ಟಿಗೆಯ ಹಿಂದೆ. ತಟ್ಟೆಯನ್ನು ಹಳೆಯ ಊಟದ ಮಣೆಯ ಮೇಲಿಟ್ಟೆವು, ಏಕೆಂದರೆ ಕೀಲು ನೋವಿರುವ ಬೆಕ್ಕಿಗೆ ಬಗ್ಗುವುದೂ ಕಷ್ಟ. ಎರಡು ತಿಂಗಳಲ್ಲಿ ತೂಕ 3 ಕಿಲೋ 800 ಗ್ರಾಂ ಆಯಿತು, ಕೂಗು ನಿಂತಿತು. ಮೀನು ತಿನ್ನುವ ಮನೆಗಳವರಿಗೆ ಒಂದು ಮಾತು: ಕೆಲವು ಜಾತಿಯ ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಪಡಿಸುವ ಕಿಣ್ವವಿರುತ್ತದೆ. ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದು ಕೊಡುವುದು ಲೇಸು. ಈರುಳ್ಳಿ ಬೆಳ್ಳುಳ್ಳಿ ಬೆರೆತ ಸಾರಂತೂ ಸರ್ವಥಾ ಕೂಡದು.

ಲಂಘನಂ ಪರಮೌಷಧಂ ಎಂಬ ಮಾತನ್ನು ಬೆಕ್ಕಿಗೆ ಅನ್ವಯಿಸಬಾರದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನಲ್ಲಿ, ಮುಖ್ಯವಾಗಿ ದಪ್ಪವಿದ್ದ ಬೆಕ್ಕಿನಲ್ಲಿ, ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಪ್ರಾಣಕ್ಕೇ ಅಪಾಯ ಬರಬಹುದು. ಒಂದು ಹಗಲು ಒಂದು ರಾತ್ರಿ ಪೂರ್ತಿ ಊಟ ಬಿಟ್ಟರೆ ಮರುದಿನವೇ ವೈದ್ಯರಲ್ಲಿಗೆ ಒಯ್ಯಬೇಕು. ಜ್ವರವಿರಬಹುದೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಕೊಲ್ಲಬಲ್ಲದು.

ಮಕ್ಕಳಿಗೆ ನಾನು ಒತ್ತಿ ಹೇಳುವ ಎಚ್ಚರಿಕೆ ಇನ್ನೊಂದಿದೆ. ಜೊಲ್ಲು ಸುರಿಸುತ್ತ, ನುಂಗಲಾರದೆ, ಹಠಾತ್ತನೆ ಸ್ವಭಾವ ಬದಲಿಸಿದ ಬೆಕ್ಕಿನ ಬಾಯಿಯನ್ನು ಎಂದಿಗೂ ಬಿಡಿಸಿ ನೋಡಬಾರದು. ಅದು ಹಲ್ಲುನೋವಿರಬಹುದು, ರೇಬೀಸ್ ಕೂಡ ಇರಬಹುದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಬೆಕ್ಕಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸಿಟ್ಟಿದ್ದರೆ ಮನೆಯವರೆಲ್ಲರಿಗೂ ಕ್ಷೇಮ.

ನಮ್ಮ ಕಡೆಯ ಮೃಗಾಸ್ಪತ್ರೆಗಳಲ್ಲಿ ಕನ್ನಡ ಬಲ್ಲ ವೈದ್ಯರು ಸಿಕ್ಕಿಯೇ ಸಿಗುತ್ತಾರೆಂದು ಹೇಳುವಂತಿಲ್ಲ. ಓಕರಿಕೆ, ಸೊರಗು, ಗುಟುಕರಿಸು ಎಂಬ ಮಾತುಗಳನ್ನು ಮಲಯಾಳದಲ್ಲಿ ಹೇಳಲು ಹೋಗಿ ತೊದಲುವವರನ್ನು ಕಂಡಿದ್ದೇನೆ. ಆದುದರಿಂದ ಒಂದು ಪುಟ್ಟ ಪುಸ್ತಕದಲ್ಲಿ ತಿಂಗಳಿಗೊಮ್ಮೆ ತೂಕ, ಬದಲಾವಣೆ ಸುರುವಾದ ತಾರೀಕು, ತಿಂದದ್ದು ಎಷ್ಟು ಬಿಟ್ಟದ್ದು ಎಷ್ಟು, ಕುಡಿದ ನೀರು, ವಾಂತಿ ಎಷ್ಟು ಸಲ ಎಂಬುದನ್ನು ಬರೆದಿಟ್ಟುಕೊಂಡು ಹೋಗಿ. ಅಂಕಿಗಳನ್ನು ಎಲ್ಲ ವೈದ್ಯರೂ ಓದುತ್ತಾರೆ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟದೆ ಮುಚ್ಚಳವಿರುವ ಬುಟ್ಟಿಯಲ್ಲಿ ಒಯ್ಯಿರಿ. ಅದು ದಿನವೂ ಮಲಗುವ ಹಳೆಯ ಬಟ್ಟೆಯೊಂದನ್ನು ಬುಟ್ಟಿಯ ತಳಕ್ಕೆ ಹಾಸಿ.