ಟಿಪ್ಸ್ ಡಬ್ಬಿ: ಮಾಡಬೇಕಾದ್ದು, ಮಾಡಬಾರದ್ದು

ಧಾರಾವಿ ನೈಂಟಿ ಫೀಟ್ ರಸ್ತೆಯ ನಮ್ಮ ಹೋಟೆಲಿನ ಎಲ್ಲರಿಗೂ: ಮಾಣಿಗಳು, ಟೇಬಲ್ ಒರೆಸುವವರು, ಅಡುಗೆ ಭಟ್ಟರು, ಮೋರಿಯಲ್ಲಿ ಪಾತ್ರೆ ತೊಳೆಯುವವರು. ಅವರಿಗಿಂತ ಮೊದಲು ಗಲ್ಲೆಯಲ್ಲಿ ಕೂರುವ ನಾನು, ನನ್ನ ಭಾವ, ಊರಿಂದ ಬಂದ ಅಳಿಯ.

ಗಿರಾಕಿ ಬಿಲ್ಲಿನ ಮೇಲೆ ಬಿಟ್ಟುಹೋದ ದುಡ್ಡು ಹೋಟೆಲಿನದ್ದಲ್ಲ. ಗಲ್ಲೆಯನ್ನು ಹಾದು ಹೋದರೂ ಅಲ್ಲ.

ಹಿಂದೆ ಇದಕ್ಕೆ ನೋಟೀಸು ಬೇಕಿರಲಿಲ್ಲ. ಸೋಂಪು, ಸಕ್ಕರೆ ಹಾಕಿದ ಸ್ಟೀಲ್ ತಟ್ಟೆ, ಅದರಲ್ಲಿ ಬಿಲ್ಲು, ಬಿಲ್ಲಿನಡಿ ಮಡಚಿದ ಹತ್ತರ ನೋಟು. ತಟ್ಟೆ ಎತ್ತಿದವನ ಜೇಬಿಗೆ ನೋಟು. ಈಗ ಗಿರಾಕಿ ಫೋನು ತೆಗೆಯುತ್ತಾನೆ. ನೂರೆಂಬತ್ತರ ಬಿಲ್ಲಿಗೆ ಇನ್ನೂರು ಹಾಕಿ, "ಉಳಿದದ್ದು ಹುಡುಗನಿಗೆ" ಅಂದು ಎದ್ದು ಹೋಗುತ್ತಾನೆ. ಆ ಇಪ್ಪತ್ತು ರೂಪಾಯಿ ನನ್ನ ಖಾತೆಗೆ ಬಂದು ಕೂರುತ್ತದೆ. ಅದನ್ನು ನುಂಗಲು ನಾನು ಕಳ್ಳನಾಗಬೇಕಿಲ್ಲ, ಮರೆತರೆ ಸಾಕು.

ಮಾಡಬೇಕಾದ್ದು

ಕ್ಯೂಆರ್‌ನಲ್ಲಿ ಬಿಲ್ಲಿಗಿಂತ ಹೆಚ್ಚು ಬಂದ ಕೂಡಲೇ, ಮುಂದಿನ ಗಿರಾಕಿಯ ಮುಖ ನೋಡುವ ಮೊದಲೇ, ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯಿರಿ: ತಾರೀಕು, ಟೇಬಲ್ ನಂಬರ್, ಮೊತ್ತ. ರಾತ್ರಿ ಶಟರ್ ಎಳೆಯುವಾಗ ಅಷ್ಟೇ ನಗದನ್ನು ಗಲ್ಲೆಯಿಂದ ತೆಗೆದು ಡಬ್ಬಿಗೆ ಹಾಕಿ. ಪುಸ್ತಕ ಯಾರು ಕೇಳಿದರೂ ತೋರಿಸಿ. ಮೋರಿಯವನು ಕೇಳಿದರೂ.

ಪಾಲು ಹೀಗೆ: ಮಾಣಿಗೆ ಎರಡು, ಅಡುಗೆಯವರಿಗೆ ಒಂದೂವರೆ, ಒರೆಸುವವನಿಗೂ ತೊಳೆಯುವವನಿಗೂ ಒಂದೊಂದು. ಮೂವರು ಮಾಣಿಗಳು, ಇಬ್ಬರು ಭಟ್ಟರು, ಇಬ್ಬರು ಒರೆಸುವವರು, ಒಬ್ಬ ತೊಳೆಯುವವನು ಅಂದರೆ ಹನ್ನೆರಡು ಪಾಲು. ವಾರಕ್ಕೆ 2,400 ರೂಪಾಯಿ ಸೇರಿದರೆ ಮಾಣಿಗೆ 400, ಭಟ್ಟರಿಗೆ 300, ಮಿಕ್ಕವರಿಗೆ 200. ವಾರದ ನಡುವೆ ಊರಿಗೆ ಹೋದವನಿಗೆ ದುಡಿದ ದಿನಗಳ ಲೆಕ್ಕ. ಮಾಣಿಗಳು ಗೊಣಗುತ್ತಾರೆಂದು ಗೊತ್ತು. "ಗಿರಾಕಿ ನನ್ನ ನಗು ನೋಡಿ ಕೊಟ್ಟಿದ್ದು" ಅನ್ನುತ್ತಾರೆ. ಇರಬಹುದು. ಆದರೆ ದೋಸೆ ಗರಿಯಾಗಿ ಬಂದದ್ದು ಒಳಗಿನಿಂದ, ಲೋಟದ ಅಂಚಿನಲ್ಲಿ ಹಳೇ ಚಹಾದ ಗೆರೆ ಇಲ್ಲದ್ದು ಮೋರಿಯಿಂದ.

ನಿಯಮ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ 2023ರಲ್ಲಿ ಟಿಪ್ಸ್ ಹಂಚಿಕೆಗೆಂದೇ ಕಾಯ್ದೆ ಮಾಡಿ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದರು. ಟಿಪ್ಸಿನಿಂದ ಮಾಲೀಕ ಒಂದು ಕಾಸೂ ಹಿಡಿಯುವಂತಿಲ್ಲ, ಬಂದ ತಿಂಗಳು ಕಳೆದು ಮುಂದಿನ ತಿಂಗಳು ಮುಗಿಯುವುದರೊಳಗೆ ಕೊಟ್ಟುಬಿಡಬೇಕು, ಹಂಚುವ ಕ್ರಮ ಬರಹದಲ್ಲಿರಬೇಕು, ಲೆಕ್ಕ ಮೂರು ವರ್ಷ ಇಟ್ಟಿರಬೇಕು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಆದರೆ ಐಟಿಸಿ ಹೋಟೆಲಿನ ಮೊಕದ್ದಮೆಯಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ದಾರಿಯ ಮಾತು: ಕಾರ್ಡಿನಲ್ಲಿ ಬಂದ ಟಿಪ್ಸ್ ಮಾಲೀಕ ಕೊಡುವ ಪಗಾರವಲ್ಲ, ನೌಕರರ ಪರವಾಗಿ ಅವನ ಕೈಯಲ್ಲಿ ಇರುವ ಹಣ. ಹಾಗಾಗಿ ಪಗಾರದ ಟಿಡಿಎಸ್ ಅದಕ್ಕೆ ಹಿಡಿಯಬೇಕಿಲ್ಲ. ಭಾವನವರೇ, ಲೆಕ್ಕ ಬೇರೆ ಇಟ್ಟರೆ ನಮಗೂ ಸುಖ ಅನ್ನುವುದು ಇದಕ್ಕೇ.

ಇನ್ನೊಂದು ಸುಖವೂ ಇದೆ. ಹೊಸ ಹುಡುಗನಿಗೆ ಟೇಬಲ್ ನಂಬರು, ಮೆನು, ಉಧಾರಿ ಗಿರಾಕಿಗಳ ಮುಖ ಕಲಿಸಲು ತಿಂಗಳು ಬೇಕು. ಕಲಿತವನು ಇನ್ನೂರು ಮುನ್ನೂರಕ್ಕೆ ಸಾಯನ್ ಕಡೆಗೋ ಮಾಟುಂಗಕ್ಕೋ ಹೊರಟರೆ ಮತ್ತೆ ಮೊದಲಿಂದ. ಡಬ್ಬಿಯ ಲೆಕ್ಕ ಕಣ್ಣಿಗೆ ಕಂಡರೆ ಹುಡುಗ ನಿಲ್ಲುತ್ತಾನೆ.

ಮಾಡಬಾರದ್ದು

ಗಲ್ಲೆಯಲ್ಲಿ ಕೂತವರು ಪಾಲು ಕೇಳಬಾರದು. ನಾನೂ, ಭಾವನೂ, ಅಳಿಯನೂ. ಜನ ಕಡಿಮೆ ಇದ್ದ ದಿನ ಅಳಿಯ ಎರಡು ಟೇಬಲಿಗೆ ಇಡ್ಲಿ ಕೊಟ್ಟಿದ್ದರೂ.

ಒಡೆದ ಲೋಟ, ಕಮ್ಮಿ ಬಿದ್ದ ಬಿಲ್ಲು, ದುಡ್ಡು ಕೊಡದೆ ಓಡಿದ ಗಿರಾಕಿ, ಇವನ್ನು ಡಬ್ಬಿಯಿಂದ ತುಂಬಿಸಬಾರದು. ನಾನು ಮೋರಿಯಲ್ಲಿದ್ದ ಹೋಟೆಲಿನಲ್ಲಿ, ಹೆಸರು ಬೇಡ, ಗಲ್ಲೆಯ ಮೇಲೆ ಹಾರ್ಲಿಕ್ಸ್ ಬಾಟಲಿ ಇತ್ತು. ಎಲ್ಲರ ಟಿಪ್ಸೂ ಅದರೊಳಗೆ, ಚೌತಿಗೆ ಹಂಚುತ್ತೇವೆ ಅಂದಿದ್ದರು. ಚೌತಿ ಬಂತು. ಲೋಟ ಒಡೆದ ಲೆಕ್ಕ, ಸಾರಿನ ಪಾತ್ರೆ ತೂತಾದ ಲೆಕ್ಕ ಎಲ್ಲ ಕಳೆದು ಬಾಟಲಿ ಖಾಲಿ. ಅದರಲ್ಲಿ ಉಪ್ಪಿನಕಾಯಿ ತುಂಬಬೇಕೆಂದು ತೊಳೆಯಲು ಕೊಟ್ಟರು. ತೊಳೆದವನು ನಾನೇ.

"ಟಿಪ್ಸ್ ಬರುತ್ತದಲ್ಲ" ಅಂತ ಪಗಾರ ಕಡಿಮೆ ಮಾತಾಡಬಾರದು. ಅಮೆರಿಕದಲ್ಲಿ ಹಾಗೊಂದು ಪದ್ಧತಿ ಇದೆ: ಟಿಪ್ಸ್ ಸಿಗುವವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ನಡೆಯುತ್ತದೆ ಅನ್ನುವ ಕೇಂದ್ರ ಕಾನೂನಿನ ಅಂಕಿ 1991ರಿಂದ ಅಲ್ಲಾಡಿಲ್ಲ. ಮ್ಯಾನೇಜರು ಟಿಪ್ಸ್ ಮುಟ್ಟಬಾರದೆಂದು 2018ರಲ್ಲಿ ಅವರೇ ಮಾಡಿದ ನಿಯಮ ಒಳ್ಳೆಯದು, ಅದನ್ನು ಮಾತ್ರ ತೆಗೆದುಕೊಳ್ಳೋಣ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿ ಸೇರಿಸಬಾರದು, ಬೇರೆ ಹೆಸರಿಟ್ಟೂ ಸೇರಿಸಬಾರದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿದೆ, ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಎತ್ತಿ ಹಿಡಿದಿದೆ. ಗಿರಾಕಿ 1915ಕ್ಕೆ ಫೋನು ಮಾಡಿದರೆ ಉತ್ತರ ನಾನು ಕೊಡಬೇಕು.

ಬಿಲ್ಲು ತೀರುವ ಮೊದಲು ಮಾಣಿ ತನ್ನ ಫೋನಿನ ಕ್ಯೂಆರ್ ತೋರಿಸಬಾರದು. ತೀರಿದ ಮೇಲೆ ಗಿರಾಕಿ ತಾನಾಗಿ ಕೇಳಿದರೆ ಅಡ್ಡಿಯಿಲ್ಲ, ಆದರೆ ಅದನ್ನೂ ಪುಸ್ತಕದಲ್ಲಿ ಬರೆಸಿ ಡಬ್ಬಿಗೆ ಹಾಕಬೇಕು.

ಟಿಪ್ಸ್ ಕೊಡುವ ಕೈ ನೋಡಿ ಟೇಬಲ್ ಒರೆಸಬಾರದು. ಇಲ್ಲಿ ಬರುವವರು ಚರ್ಮದ ಕೆಲಸದವರು, ಹೊಲಿಗೆಯವರು, ಕುಂಬಾರವಾಡೆಯವರು. ಕಟಿಂಗ್ ಚಾಯ್, ಒಂದು ವಡೆ, ಎದ್ದು ಹೊರಟ. ಅವನಿಗೂ ಎರಡನೇ ಸಲ ಚಟ್ನಿ ಹಾಕಿ. ಪಾರ್ಸೆಲ್ ಒಯ್ಯುವ ಆ್ಯಪ್‌ನ ಹುಡುಗರ ಟಿಪ್ಸಿಗೂ ನಮಗೂ ಸಂಬಂಧವಿಲ್ಲ, ಮಳೆಯಲ್ಲಿ ನಿಂತಿದ್ದರೆ ಒಳಗೆ ಕರೆದು ನೀರು ಕೊಡಿ.

ಹಂಚುವುದು ಪ್ರತಿ ಶನಿವಾರ ರಾತ್ರಿ, ಕೊನೆಯ ಪಾತ್ರೆ ತೊಳೆದಾದ ಮೇಲೆ. ಡಬ್ಬಿಯ ಬೀಗದ ಕೈ ಹಿರಿಯ ಭಟ್ಟರ ಬಳಿ, ಪುಸ್ತಕ ಗಲ್ಲೆಯ ಎಡಗಡೆ ಮೊಳೆಯಲ್ಲಿ. ಎಣಿಸುವುದು ಮೋರಿಯ ಹುಡುಗ. ಅವನು ಎಣಿಸಿ ಮುಗಿಸುವವರೆಗೆ ದೀಪ ಆರಿಸಬಾರದು.