ರಜೆಯ ದಿನ ನಮ್ಮದು: ಕುಂಡಯಿಯಿಂದ ಒಂದು ತಿರುಗಾಟ



ನಮ್ಮ ಕಡೆಯ ಎಷ್ಟೋ ಮಂದಿ ದುಡಿಯಲು ಗೋವಾಕ್ಕೆ ಹೋಗಿದ್ದಾರೆ. ಅವರಲ್ಲಿ ಕೆಲವರು ಫೋಂಡಾ ತಾಲೂಕಿನ ಕುಂಡಯಿಯಲ್ಲಿ ಇದ್ದಾರೆ. ಕುಂಡಯಿ ಒಂದು ಹಳ್ಳಿ. ಅಲ್ಲಿ ನವದುರ್ಗೆಯ ಗುಡಿ ಇದೆ, ಗುಡ್ಡ ಇದೆ, ಗದ್ದೆ ಇದೆ. ಜೊತೆಗೆ ಕೈಗಾರಿಕಾ ವಸಾಹತು ಇದೆ. ಅಲ್ಲಿ ದುಡಿಯುವವರಿಗೂ, ಅವರ ಮನೆಯವರಿಗೂ, ನಾಳೆ ಅಲ್ಲಿಗೆ ಹೋಗಲಿರುವವರಿಗೂ ಈ ಪಾಠ.

ವಾರವೆಲ್ಲ ಕೆಲಸ. ರಜೆಯ ದಿನ ಬಟ್ಟೆ ಒಗೆಯುವುದು, ಮಲಗುವುದು. "ಎಲ್ಲಿಗಾದರೂ ಹೋಗಿ ಬಂದಿರಾ?" ಎಂದು ಕೇಳಿ ನೋಡಿ. "ನಾವು ದುಡಿಯಾಕ ಬಂದವರು, ತಿರಗಾಡಾಕ ಬಂದವರಲ್ಲ" ಅನ್ನುತ್ತಾರೆ. ಈ ಮಾತಿನ ಹಿಂದೆ ಇನ್ನೊಂದು ಮಾತು ಅಡಗಿದೆ. ಅದು ಹೆದರಿಕೆ. ಬಸ್ಸು ತಪ್ಪಿದರೆ? ಬೋರ್ಡು ಓದಲು ಬಾರದಿದ್ದರೆ? ಸಂತೆಯಲ್ಲಿ ಮೋಸ ಹೋದರೆ? ಹೀಗೆ ಹೆದರಿ ಹತ್ತು ವರ್ಷ ಒಂದೇ ಕೋಣೆ, ಒಂದೇ ನಲ್ಲಿ ನೋಡಿದ ಹೆಣ್ಣುಮಕ್ಕಳು ಇದ್ದಾರೆ. ಗಂಡ ಊರಿಗೆ ಹೋದಾಗ ಮಗುವಿಗೆ ಜ್ವರ ಬಂದರೆ ಅವರು ದವಾಖಾನೆಗೆ ಹೋಗುವುದು ಹೇಗೆ? ರಜೆಯಲ್ಲಿ ತಿರುಗಾಡಿದವರಿಗೆ ದಾರಿ ಗೊತ್ತಿರುತ್ತದೆ. ದಾರಿ ಗೊತ್ತಿದ್ದವರಿಗೆ ಧೈರ್ಯ ಇರುತ್ತದೆ. ಆದ್ದರಿಂದ ತಿರುಗಾಟ ಬರೀ ಮೋಜು ಅಲ್ಲ. ಮೋಜೂ ಹೌದು, ಕಲಿಕೆಯೂ ಹೌದು.

1. ದಾರಿ ಒಂದೇ

ಬೆಳಗಾವಿಯಿಂದ ಪಣಜಿಗೆ ಒಂದು ಹೆದ್ದಾರಿ ಇದೆ. ಅದರ ಸಂಖ್ಯೆ 748. ಖಾನಾಪುರ ದಾಟಿ, ಅನಮೋಡ ಘಟ್ಟ ಇಳಿದು, ಮೊಲ್ಲೆಂ ಮೂಲಕ ಫೋಂಡಾ ಮುಟ್ಟುತ್ತದೆ. ಅಲ್ಲಿಂದ ಪಣಜಿಗೆ ಹೋಗುವಾಗ ಈ ಊರುಗಳು ಸಾಲಾಗಿ ಬರುತ್ತವೆ:

ಫೋಂಡಾ – ಫರ್ಮಾಗುಡಿ – ಮಾರ್ದೋಳ – ಮಂಗೇಶಿ – ಕುಂಡಯಿ – ಭೋಮಾ – ಬಾಣಸ್ತಾರಿ – ಹಳೆ ಗೋವಾ – ಪಣಜಿ

ಈ ಸಾಲನ್ನು ನಾಲ್ಕು ಸಲ ಗಟ್ಟಿಯಾಗಿ ಓದಿ. ಕುಂಡಯಿಯಿಂದ ಫೋಂಡಾ ಸುಮಾರು 10 ಕಿಲೋಮೀಟರ್. ಪಣಜಿ ಸುಮಾರು 20 ಕಿಲೋಮೀಟರ್. ಫೋಂಡಾ ಕಡೆಯಿಂದ ಬರುವ ಬಸ್ಸು ಪಣಜಿಗೆ ಹೋಗುತ್ತದೆ. ಪಣಜಿ ಕಡೆಯಿಂದ ಬರುವ ಬಸ್ಸು ಫೋಂಡಾಕ್ಕೆ ಹೋಗುತ್ತದೆ. ರಸ್ತೆಯ ಯಾವ ಬದಿಗೆ ನಿಲ್ಲಬೇಕು ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿ. ಅರ್ಧ ಹೆದರಿಕೆ ಅಲ್ಲಿಯೇ ಹೋಗುತ್ತದೆ.

2. ಬಸ್ಸು ಹತ್ತೋಣ

ಗೋವಾದಲ್ಲಿ ಖಾಸಗಿ ಬಸ್ಸುಗಳಿವೆ. ಸರಕಾರದ ಬಸ್ಸುಗಳೂ ಇವೆ. ಸರಕಾರದ ಬಸ್ಸಿನ ಹೆಸರು "ಕದಂಬ". ಈ ಸಂಸ್ಥೆ 1980ರಲ್ಲಿ ಶುರುವಾಯಿತು. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ಹೌದು, ನಮ್ಮ ಬನವಾಸಿಯ ಕದಂಬರ ಹೆಸರೇ ಅದು. ಆ ವಂಶದ ಒಂದು ಕವಲು ಗೋವಾವನ್ನು ಆಳಿತ್ತು. ಆ ರಾಜರ ನೆನಪಿಗೆ ಬಸ್ಸಿಗೆ ಈ ಹೆಸರು ಇಟ್ಟರು. ಕದಂಬ ಬಸ್ಸು ಹತ್ತುವಾಗ ಇದನ್ನು ನಿಮ್ಮ ಮಕ್ಕಳಿಗೆ ಹೇಳಿ.

ಈಗ ಬೋರ್ಡಿನ ಮಾತು. ಅಲ್ಲಿಯ ಬೋರ್ಡು ಕನ್ನಡದಲ್ಲಿ ಇರುವುದಿಲ್ಲ. ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲವೆ ಹಿಂದಿ, ಮರಾಠಿ ಬರೆಯುವ ದೇವನಾಗರಿ ಲಿಪಿಯಲ್ಲಿ ಇರುತ್ತದೆ. "ಹಾಗಾದರೆ ನಾನು ಕನ್ನಡ ಕಲಿತು ಏನು ಬಂತು?" ಎಂದು ಕೈಚೆಲ್ಲಬೇಡಿ. ಒಂದು ಲಿಪಿ ಕಲಿತ ಕಣ್ಣಿಗೆ ಇನ್ನೊಂದು ಲಿಪಿಯ ಗುರುತು ಬೇಗ ಸಿಗುತ್ತದೆ. ಹೀಗೆ ಮಾಡಿ. ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಒಂದು ಚೀಟಿಯ ಮೇಲೆ "ಪಣಜಿ", "ಫೋಂಡಾ", "ಕುಂಡಯಿ" ಈ ಮೂರು ಹೆಸರು ಇಂಗ್ಲಿಷಿನಲ್ಲಿ ಬರೆಸಿ. ಪಕ್ಕದಲ್ಲಿ ನೀವೇ ಕನ್ನಡದಲ್ಲಿ ಬರೆಯಿರಿ. ಚೀಟಿ ಕಿಸೆಯಲ್ಲಿರಲಿ. ಬಸ್ಸು ಬಂದಾಗ ಬೋರ್ಡನ್ನೂ ಚೀಟಿಯನ್ನೂ ಹೋಲಿಸಿ ನೋಡಿ. ನಾಲ್ಕು ಸಲ ನೋಡಿದರೆ ಐದನೆಯ ಸಲ ಚೀಟಿ ಬೇಡ.

ಬಸ್ಸಿನಲ್ಲಿ ನೆನಪಿಡಿ:
* ಹತ್ತುವ ಮೊದಲು ಊರಿನ ಹೆಸರು ಹೇಳಿ ಕೇಳಿ.
* ಟಿಕೆಟ್ ಕೇಳಿ ಪಡೆಯಿರಿ. ಅದರ ಮೇಲಿನ ಅಂಕಿ ಓದಿ. ಚಿಲ್ಲರೆ ಎಣಿಸಿಕೊಳ್ಳಿ.
* ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳಿಡಿ. ಬರುವಾಗ ಕೇಳಿದರೆ ತಡವಾಗುತ್ತದೆ.
* ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಆದರೆ ಅದು ನಮ್ಮ ರಾಜ್ಯದ ಒಳಗಿನ ಪ್ರಯಾಣಕ್ಕೆ. ಊರಿನಿಂದ ಗೋವಾಕ್ಕೆ ಹೋಗುವಾಗ ಟಿಕೆಟಿನ ಹಣ ಇಟ್ಟುಕೊಂಡೇ ಹೊರಡಿ.

3. ಸಂತೆಯಲ್ಲಿ

ಗೋವಾದ ಹೆಸರಾದ ಸಂತೆ ಮಾಪ್ಸಾದ್ದು. ಅದು ಶುಕ್ರವಾರ. ಪಣಜಿಗೆ ಹೋಗಿ ಅಲ್ಲಿಂದ ಮಾಪ್ಸಾ ಬಸ್ಸು ಹಿಡಿಯಬೇಕು. ಮಣ್ಣಿನ ಗಡಿಗೆ, ಒಣ ಮೆಣಸಿನಕಾಯಿ, ತೆಂಗಿನಕಾಯಿ, ಕೆಂಪಕ್ಕಿ, ಮೊಯ್ರಾ ಊರಿನ ದೊಡ್ಡ ಬಾಳೆಹಣ್ಣು, ಹುಳಿಗೆ ಹಾಕುವ ಮುರುಗಲ ಸಿಪ್ಪೆ, ಒಣಮೀನು – ಎಲ್ಲ ಅಲ್ಲಿ ಬರುತ್ತವೆ. ಮೇ ತಿಂಗಳಲ್ಲಿ ಸಂತೆ ಇನ್ನೂ ಜೋರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಲ್ಲಿ ಮೀನು ಹಿಡಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಅದಕ್ಕೆ ಅಲ್ಲಿಯ ಜನ ಮಳೆಗೆ ಮೊದಲೇ ಒಣಮೀನು, ಮೆಣಸಿನಕಾಯಿ, ಹುಳಿ ಕೂಡಿಡುತ್ತಾರೆ. ಹೀಗೆ ಕೂಡಿಡುವ ಸಾಮಾನಿಗೆ "ಪುರುಮೆಂತ್" ಅನ್ನುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆ ಶಾಂಡಿಗೆ, ಹಪ್ಪಳ ಮಾಡಿಡುವುದಿಲ್ಲವೆ? ಹಾಗೆಯೇ ಇದು.

ಶುಕ್ರವಾರ ರಜೆ ಸಿಗದವರು ಫೋಂಡಾ ಪೇಟೆಗೆ ಹೋಗಬಹುದು. ಬಾಣಸ್ತಾರಿಯಲ್ಲಿಯೂ ವಾರದ ಸಂತೆ ಸೇರುತ್ತದೆ. ಅದು ಕುಂಡಯಿಗೆ ಹತ್ತಿರ.

ಮೀನನ್ನು ಕೆಲವರು ತೂಗಿ ಕೊಡುತ್ತಾರೆ. ಕೆಲವರು ಪಾಲು ಹಾಕಿ ಗುಂಪಿಗೆ ಇಷ್ಟು ಎಂದು ಮಾರುತ್ತಾರೆ. ಈ ಪಾಲಿಗೆ "ವಾಂಟೊ" ಅನ್ನುತ್ತಾರೆ. ಗುಂಪಿನಲ್ಲಿ ಎಷ್ಟು ಮೀನು ಇವೆ ಎಂದು ಎಣಿಸಿ, ಆಮೇಲೆ ದರ ಮಾತಾಡಿ.

ಗೋವಾ ಸರಕಾರದ ತೋಟಗಾರಿಕೆ ನಿಗಮದ ತರಕಾರಿ ಅಂಗಡಿಗಳು ಹಲವು ಕಡೆ ಇವೆ. ಅಲ್ಲಿ ದರ ಪೇಟೆಗಿಂತ ಕಡಿಮೆ ಇರುತ್ತದೆ. ದರದ ಪಟ್ಟಿ ಓದಿ. ಅಂಕಿ ಎಲ್ಲರಿಗೂ ಒಂದೇ, ಅದಕ್ಕೆ ಭಾಷೆಯ ಹಂಗಿಲ್ಲ. ಇನ್ನೊಂದು ಸಂಗತಿ ಕೇಳಿ. ಆ ತರಕಾರಿಯ ಬಹುಪಾಲು ಬರುವುದು ಬೆಳಗಾವಿಯಿಂದ. ನಮ್ಮ ಹೊಲದ ಕೋಸು, ಬದನೆಕಾಯಿ ನಮಗಿಂತ ಮೊದಲೇ ಘಟ್ಟ ಇಳಿದು ಅಲ್ಲಿ ಕೂತಿರುತ್ತವೆ!

ತೂಕದ ಲೆಕ್ಕ ಕಲಿಯೋಣ. ಟೊಮೆಟೊ ಒಂದು ಕಿಲೋಗೆ 60 ರೂಪಾಯಿ ಎಂದುಕೊಳ್ಳಿ. ಅರ್ಧ ಕಿಲೋಗೆ 30. ಕಾಲು ಕಿಲೋಗೆ 15. ಮುಕ್ಕಾಲು ಕಿಲೋಗೆ 45. ವಿದ್ಯುತ್ ತಕ್ಕಡಿಯಾದರೆ ಸಾಮಾನು ಇಡುವ ಮೊದಲು 0 ಇದೆಯೇ ನೋಡಿ. ಇಲ್ಲದಿದ್ದರೆ "ಝೀರೋ ಮಾಡಿ" ಎಂದು ಕೇಳಿ. ಹೀಗೆ ಕೇಳುವುದು ಜಗಳವಲ್ಲ. ಅದು ಗಿರಾಕಿಯ ಹಕ್ಕು.

4. ಹೊಳೆ ದಾಟೋಣ

ಒಂದು ರಜೆಗೆ ಹಳೆ ಗೋವಾಕ್ಕೆ ಹೋಗಿ. ಪಣಜಿ ಬಸ್ಸು ಹತ್ತಿ ನಡುವೆ ಇಳಿದರಾಯಿತು. ಅಲ್ಲಿ 1605ರಲ್ಲಿ ಪ್ರತಿಷ್ಠೆಯಾದ ಬೊಂ ಜೆಸುಸ್ ಇಗರ್ಜಿ ಇದೆ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಹಳೆ ಗೋವಾದ ಇಗರ್ಜಿಗಳನ್ನು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಯಾವ ಧರ್ಮದವರಾದರೂ ಒಳಗೆ ಹೋಗಿ ನೋಡಬಹುದು. ಮಾತು ಮೆಲ್ಲಗಿರಲಿ.

ಅಲ್ಲಿಂದ ನಡೆದರೆ ಮಾಂಡವಿ ಹೊಳೆಯ ದಂಡೆ. ಮಾಂಡವಿ ಬೇರೆ ಯಾರೂ ಅಲ್ಲ, ನಮ್ಮ ಮಹದಾಯಿ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ಗೋವಾಕ್ಕೆ ಇಳಿದು, ಹೆಸರು ಬದಲಿಸಿ ಕಡಲು ಸೇರುತ್ತಾಳೆ. ಹೊಳೆ ದಾಟಲು ಅಲ್ಲಿ ಫೆರಿ ಇದೆ. ಫೆರಿ ಎಂದರೆ ಜನ, ಬೈಕು, ಕಾರು ಎಲ್ಲವನ್ನೂ ಹೊರುವ ಚಪ್ಪಟೆ ದೋಣಿ. ಸರಕಾರದ ಈ ಸಾದಾ ಫೆರಿಯಲ್ಲಿ ನಡೆದು ಬಂದವರಿಗೆ ದುಡ್ಡಿಲ್ಲ. 1986ರ ಜುಲೈಯಲ್ಲಿ ಪಣಜಿಯ ಮಾಂಡವಿ ಸೇತುವೆ ಕುಸಿದು ಬಿತ್ತು. ಆಗ ಜನರನ್ನು ದಾಟಿಸಿದ್ದು ಫೆರಿಗಳೇ.

ಆಚೆ ದಂಡೆಯಲ್ಲಿ ದೀವಾಡಿ ಎಂಬ ನಡುಗಡ್ಡೆ. ಗದ್ದೆಯ ನಡುವೆ ದಾರಿ, ಕೊಕ್ಕರೆಗಳ ಹಿಂಡು, ತಣ್ಣನೆ ಗಾಳಿ. ಗೋವಾ ಕದಂಬರ ಮನೆದೇವರಾದ ಸಪ್ತಕೋಟೇಶ್ವರನ ಗುಡಿ ಮೊದಲು ಈ ನಡುಗಡ್ಡೆಯಲ್ಲಿತ್ತು. ಪೋರ್ತುಗೀಸರ ಕಾಲದಲ್ಲಿ ಅದು ಹಾಳಾಯಿತು. ದೇವರು ಆಚೆ ದಂಡೆಯ ನಾರ್ವೆಗೆ ಹೋದ. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿಯ ಗುಡಿಯನ್ನು ಕಟ್ಟಿಸಿದರು.

ಫೆರಿಯಲ್ಲಿ ಮಕ್ಕಳ ಕೈ ಬಿಡಬೇಡಿ. ದೋಣಿ ಪೂರ್ತಿ ನಿಂತ ಮೇಲೆ ಇಳಿಯಿರಿ.

5. ನಡೆಯೋಣ, ಎಚ್ಚರವಿರಲಿ

ದುಡ್ಡು ಕಡಿಮೆ ಇದ್ದ ದಿನ ಮಂಗೇಶಿಗೆ ಹೋಗಿ. ಅಲ್ಲಿ ಏಳು ಅಂತಸ್ತಿನ ದೀಪಸ್ತಂಭ ಇದೆ. ಅಲ್ಲಿಂದ ಮಾರ್ದೋಳದ ಮಹಾಲಸಾ ಗುಡಿಗೆ ಸುಮಾರು ಒಂದು ಕಿಲೋಮೀಟರ್. ನಡೆದೇ ಹೋಗಬಹುದು. ಅಲ್ಲಿಯ ಹಿತ್ತಾಳೆಯ ಎತ್ತರದ ದೀಪಸ್ತಂಭ ನೋಡುವಂಥದ್ದು.

ಮೂರು ಎಚ್ಚರಿಕೆಗಳನ್ನು ಎರಡೆರಡು ಸಲ ಓದಿ.

ಒಂದು: ಬಾಣಸ್ತಾರಿ ಸೇತುವೆಯ ಕೆಳಗೆ ಹರಿಯುವುದು ಕುಂಬಾರಜುವೆ ಕಾಲುವೆ. ಅದು ಮಾಂಡವಿ ಮತ್ತು ಜುವಾರಿ ಹೊಳೆಗಳನ್ನು ಕೂಡಿಸುತ್ತದೆ. ಆ ನೀರಿನಲ್ಲಿ ಮೊಸಳೆಗಳಿವೆ. ಈಜಲು, ಬಟ್ಟೆ ಒಗೆಯಲು ಇಳಿಯಬೇಡಿ.

ಎರಡು: ನಮ್ಮ ಕೆರೆ ಬೇರೆ, ಕಡಲು ಬೇರೆ. ಕಡಲ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಮೊಣಕಾಲು ನೀರಿನಲ್ಲಿಯೂ ಸೆಳೆತ ಇರುತ್ತದೆ. ಈಜು ಬಲ್ಲವರನ್ನೂ ಅದು ಎಳೆದುಕೊಂಡು ಹೋಗುತ್ತದೆ. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಬೇಡಿ. ಜೀವರಕ್ಷಕರು ಸೀಟಿ ಊದಿದರೆ ಕೂಡಲೇ ಮೇಲೆ ಬನ್ನಿ. ಮಳೆಗಾಲದಲ್ಲಿ ದಂಡೆಯ ಮೇಲೆ ಕೂತು ನೋಡಿದರೆ ಸಾಕು. ಕುಡಿದು ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಮೂರು: ಪ್ರವಾಸಿ ಸ್ಥಳಗಳಲ್ಲಿ ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡುವುದನ್ನು, ಕುಡಿಯುವುದನ್ನು 2019ರ ಕಾನೂನು ನಿಷೇಧಿಸಿದೆ. ಸಿಕ್ಕಿಬಿದ್ದರೆ ದೊಡ್ಡ ದಂಡ ಕಟ್ಟಬೇಕು. ಮನೆಯಿಂದಲೇ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ. ಉಂಡ ಜಾಗ ಚೊಕ್ಕ ಮಾಡಿ ಬನ್ನಿ.

ಆಪತ್ತಿಗೆ 112. ಆಂಬುಲೆನ್ಸಿಗೆ 108. ಈ ಎರಡು ಅಂಕಿ ಮಕ್ಕಳಿಗೂ ಬಾಯಿಪಾಠ ಇರಲಿ.

6. ಯಾರಾದರೂ ಒಂದು ಮಾತು ಅಂದರೆ

ಗೋವಾದಲ್ಲಿ ಕೆಲವರು ನಮ್ಮವರನ್ನು "ಘಾಂಟಿ" ಎಂದು ಕರೆಯುವುದುಂಟು. ಘಟ್ಟದ ಮೇಲಿನವರು ಎಂಬುದು ಅದರ ಅರ್ಥ. ಆದರೆ ಹೀಯಾಳಿಸಲು ಆ ಮಾತು ಬಳಸುತ್ತಾರೆ. ಕೇಳಿದಾಗ ನೋವಾಗುತ್ತದೆ, ನಿಜ. ಅದಕ್ಕಾಗಿ ಕೋಣೆಯಲ್ಲಿ ಅಡಗಿ ಕೂರಬೇಕಾಗಿಲ್ಲ. ಘಟ್ಟದ ಮೇಲೆ ಹುಟ್ಟುವುದು ತಪ್ಪಲ್ಲ. ಬೆವರು ಸುರಿಸಿ ದುಡಿಯುವವರಿಗೆ ಆ ಊರಿನ ರಸ್ತೆ, ಸಂತೆ, ಫೆರಿಯ ಮೇಲೆ ಹಕ್ಕಿದೆ. ಹಾಗೆಯೇ ಆ ಊರಿನ ನುಡಿಗೆ ಮರ್ಯಾದೆ ಕೊಡುವುದು ನಮ್ಮ ಕರ್ತವ್ಯ. ನಾಲ್ಕು ಕೊಂಕಣಿ ಮಾತು ಆಡಿ ನೋಡಿ. ಮೀನು ಮಾರುವ ಬಾಯಿಯ ಮುಖ ಅರಳುತ್ತದೆ.

ಕಿತ್ಲೆ – ಎಷ್ಟು
ಖಂಯ್ – ಎಲ್ಲಿ
ಉದಕ – ನೀರು
ನುಸ್ತೆಂ – ಮೀನು
ಬಾಂಗ್ಡೊ – ಬಂಗಡೆ ಮೀನು
ಸುಂಗ್ಟಾಂ – ಸೀಗಡಿ
ದೇವ್ ಬರೆಂ ಕರುಂ – ದೇವರು ಒಳ್ಳೆಯದು ಮಾಡಲಿ (ಉಪಕಾರವಾಯಿತು ಎನ್ನುವ ಮಾತು)

ಮಾತುಕತೆ (ಇಬ್ಬರು ಸೇರಿ ಓದಿರಿ)

ತಂಗಿ: ಅಕ್ಕಾ, ಈ ರವಿವಾರ ಹಳೆ ಗೋವಾಕ್ಕ ಹೋಗೂಣೇನ?
ಅಕ್ಕ: ಮನ್ಯಾಗ ಗಂಡಸರಿಲ್ಲ. ನಾವಿಬ್ಬರೇ ಹೆಂಗ ಹೋಗೂದವ್ವಾ?
ತಂಗಿ: ಯಾಕ, ಕಾಲು ನಮಗೂ ಅದಾವಲ್ಲ!
ಅಕ್ಕ: ಬೋರ್ಡು ಓದಾಕ ಬರಬೇಕಲ್ಲ.
ತಂಗಿ: ಚೀಟಿ ಬರಸೀನಿ, ನೋಡಿಲ್ಲೆ. ಕಂಡಕ್ಟರಗೂ ಕೇಳೂಣು.
ಅಕ್ಕ: ದಾರಿ ತಪ್ಪಿದ್ರ?
ತಂಗಿ: ತಪ್ಪಿದ್ರ ಕೇಳೂದು. ಬಾಯಿ ಇದ್ದವರಿಗೆ ದಾರಿ ಇರತೈತಿ.
ಅಕ್ಕ: ಆತು, ಹುಡುಗರನ್ನೂ ಕರಕೊಳ್ಳೂಣು. ನಾ ರೊಟ್ಟಿ ಬಡೀತೀನಿ, ನೀ ಶೇಂಗಾ ಚಟ್ನಿ ಕಟ್ಟು.

ಅಭ್ಯಾಸ

1. ಕುಂಡಯಿಯಿಂದ ಪಣಜಿಗೆ ಹೋಗುವಾಗ ನಡುವೆ ಬರುವ ಮೂರು ಊರುಗಳ ಹೆಸರು ಬರೆಯಿರಿ.
2. ಮಹದಾಯಿಗೆ ಗೋವಾದಲ್ಲಿ ಏನೆಂದು ಹೆಸರು?
3. ಬಾಣಸ್ತಾರಿಯ ಸಂತೆ ಯಾವ ವಾರ? ಅಕ್ಕಪಕ್ಕದವರನ್ನು ಕೇಳಿ ತಿಳಿದು ಇಲ್ಲಿ ಬರೆಯಿರಿ: ................
4. ಈರುಳ್ಳಿ ಕಿಲೋಗೆ 40 ರೂಪಾಯಿ. ಒಂದೂವರೆ ಕಿಲೋಗೆ ಎಷ್ಟು? 100 ರೂಪಾಯಿ ಕೊಟ್ಟರೆ ಎಷ್ಟು ಮರಳಿ ಬರಬೇಕು?
5. ಸರಿಯೋ ತಪ್ಪೋ ಹೇಳಿ: "ಕೆಂಪು ಬಾವುಟ ಇದ್ದರೂ ದಂಡೆಯ ಹತ್ತಿರ ಈಜಬಹುದು."
6. ಮುಂದಿನ ರಜೆಗೆ ನೀವು ಎಲ್ಲಿಗೆ ಹೋಗುತ್ತೀರಿ? ಯಾರ ಜೊತೆ? ಯಾವ ಬಸ್ಸಿಗೆ? ಊರಲ್ಲಿರುವ ನಿಮ್ಮ ಅವ್ವನಿಗೆ ಐದು ಸಾಲಿನ ಕಾಗದ ಬರೆಯಿರಿ. ಬರೆದು ಕೇಂದ್ರದಲ್ಲಿ ತೋರಿಸಿ. ಆಮೇಲೆ ಅಂಚೆಗೆ ಹಾಕಿ.