ಕಣ್ಣುರೆಪ್ಪೆಯ ಬಣ್ಣಗಳ ಪರೀಕ್ಷೆ

ಅಂಗಡಿಯ ಗಾಜಿನ ಕಪಾಟಿನಲ್ಲಿ ಹನ್ನೆರಡು ಬಣ್ಣಗಳ ಐಶ್ಯಾಡೊ ಪೆಟ್ಟಿಗೆಯೊಂದನ್ನು ತೆರೆದಿಟ್ಟಿರುತ್ತಾರೆ. ತಾಮ್ರ, ಹೊಂಬಣ್ಣ, ನವಿಲಿನ ನೀಲಿ, ಮಾವಿನ ಚಿಗುರಿನ ಕೆಂಪು, ಹೀಗೆ ಒಂದಕ್ಕಿಂತ ಒಂದು ಮನೋಹರವಾಗಿ ಕಾಣುತ್ತದೆ. ಕೊಂಡು ತಂದು ರೆಪ್ಪೆಯ ಮೇಲೆ ಸವರಿದರೆ ಆ ನೀಲಿ ಎಲ್ಲಿಯೋ ಮಾಯವಾಗಿ, ಬೂದಿ ಬಳಿದಂತಹ ಮಸುಕು ಮಾತ್ರ ಉಳಿಯುತ್ತದೆ. ಇಂತಹ ನಿರಾಶೆಯನ್ನು ಅನುಭವಿಸಿದವರು ವಾಚಕರಲ್ಲಿ ಹಲವರಿರಬಹುದು. ತಪ್ಪು ಪುಡಿಯದೋ, ಅಂಗಡಿಯ ದೀಪದ್ದೋ, ನೋಡಿದ ಕಣ್ಣಿನದೋ? ಮೂರರ ಪಾಲೂ ಉಂಟು. ಅದು ಹೇಗೆಂಬುದನ್ನು ವಿಚಾರಿಸೋಣ.

ರೆಪ್ಪೆಗೆ ಬಣ್ಣ ಹಚ್ಚುವ ರೂಢಿ ಇಂದಿನದಲ್ಲ. ಪ್ರಾಚೀನ ಈಜಿಪ್ಟಿನವರು ನುಣುಪಾದ ಕಲ್ಲಿನ ಫಲಕಗಳ ಮೇಲೆ ತಾಮ್ರದ ಹಸಿರು ಅದಿರಾದ ಮಾಲಕೈಟನ್ನೂ ಸೀಸದ ಕಪ್ಪು ಅದಿರಾದ ಗೆಲೀನವನ್ನೂ ಅರೆದು ಕಣ್ಣಿಗೆ ಹಚ್ಚುತ್ತಿದ್ದರು. ಕ್ರಿ. ಪೂ. 3100ರ ಸುಮಾರಿನ ನಾರ್ಮರ್ ಫಲಕವು ಅರಸನ ವಿಜಯವನ್ನು ಸಾರುವ ಶಿಲ್ಪವಾಗಿದ್ದರೂ, ಬಣ್ಣ ಅರೆಯುವ ದುಂಡನೆಯ ಕುಳಿಯನ್ನು ಅದರ ನಡುವೆ ಬಿಡಲು ಶಿಲ್ಪಿ ಮರೆತಿಲ್ಲ. ಅಂದು ಅರೆದದ್ದು ಬಹುಮಟ್ಟಿಗೆ ಅದಿರನ್ನೇ. ಇಂದಿನ ಪೆಟ್ಟಿಗೆಯಲ್ಲಿರುವುದು ಹಲವು ಪುಡಿಗಳ ಮಿಶ್ರಣ.

ಈ ಮಿಶ್ರಣದಲ್ಲಿ ಬಣ್ಣ ಕೊಡುವ ವರ್ಣದ್ರವ್ಯ, ಮೈಯನ್ನೂ ನುಣುಪನ್ನೂ ಕೊಡುವ ಟಾಲ್ಕ್ ಮತ್ತು ಅಭ್ರಕ, ಎಲ್ಲವನ್ನೂ ಬಿಲ್ಲೆಯಾಗಿ ಹಿಡಿದಿಡುವ ಎಣ್ಣೆ ಅಥವಾ ಮೇಣದಂತಹ ಅಂಟು ಇರುತ್ತವೆ. ಟಾಲ್ಕ್ ಎಂದರೆ ನಮ್ಮ ಬಳಪದ ಕಲ್ಲಿನಲ್ಲಿರುವ ಮೆದುವಾದ ಖನಿಜವೇ. ಅದು ಅಗ್ಗ, ಆದುದರಿಂದ ಕೀಳು ತರದ ಪುಡಿಯಲ್ಲಿ ಅದರ ಪಾಲು ಹೆಚ್ಚು. ಇದರ ಪರಿಣಾಮವನ್ನು ತಿಳಿಯಲು ಒಂದು ಸುಲಭ ಪ್ರಯೋಗವುಂಟು. ಕರಿಯ ಕಾಗದದ ಮೇಲೆ ಚಿಟಿಕೆ ಟಾಲ್ಕಂ ಪುಡಿಯನ್ನು ತೆಳುವಾಗಿ ಹರಡಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಿರಿ. ಬಿಳುಪು ಬಹುಮಟ್ಟಿಗೆ ಅಳಿದು ಕೆಳಗಿನ ಕಪ್ಪು ತೋರುವುದು.

ಕಾರಣವಿಷ್ಟೆ. ಟಾಲ್ಕಿನ ವಕ್ರೀಭವನ ಸೂಚ್ಯಂಕ ಸುಮಾರು 1.58; ಗಾಳಿಯದು 1. ಒಣಪುಡಿಯಲ್ಲಿ ಕಣಗಳ ನಡುವೆ ಗಾಳಿಯಿರುವುದರಿಂದ, ಬೆಳಕು ಒಂದೊಂದು ಕಣದಲ್ಲಿಯೂ ಬಾಗಿ, ಪ್ರತಿಫಲಿಸಿ, ಎಲ್ಲ ಕಡೆಗೂ ಚದರುತ್ತದೆ. ಪುಡಿ ಬೆಳ್ಳಗೆ ಕಾಣುತ್ತದೆ. ಎಣ್ಣೆಯ ಸೂಚ್ಯಂಕವಾದರೋ ಸುಮಾರು 1.45. ಅಂತರ ಕಡಿಮೆಯಾಯಿತು, ಚದರುವಿಕೆ ತಗ್ಗಿತು, ಪುಡಿ ಅರೆಪಾರದರ್ಶಕವಾಯಿತು. ಚರ್ಮವೂ ಸದಾ ಎಣ್ಣೆಯನ್ನು ಸ್ರವಿಸುತ್ತಿರುತ್ತದೆ. ಪೆಟ್ಟಿಗೆಯಲ್ಲಿ ತಿಳಿನೀಲಿಯಾಗಿ ನಗುತ್ತಿದ್ದ ಪುಡಿ ರೆಪ್ಪೆಯ ಮೇಲೆ ಎಣ್ಣೆ ಹೀರಿದೊಡನೆ ಟಾಲ್ಕು ಮರೆಯಾಗಿ, ಇದ್ದ ಅಲ್ಪಸ್ವಲ್ಪ ವರ್ಣದ್ರವ್ಯವಷ್ಟೇ ಚರ್ಮವನ್ನು ಮುಚ್ಚಲು ಹೆಣಗುತ್ತದೆ.

ಇದಕ್ಕೆ ಪರಿಹಾರವೆಂದು ಟೈಟೇನಿಯಂ ಡೈಆಕ್ಸೈಡನ್ನು ಬೆರೆಸುವುದುಂಟು. ಅದರ ಸೂಚ್ಯಂಕ 2.5ಕ್ಕೂ ಮಿಗಿಲು, ಎಣ್ಣೆಯಲ್ಲಿ ನೆನೆದರೂ ಅದರ ಬಿಳುಪು ಕೆಡದು. ಬಿಳಿಯ ಪೇಂಟಿನ ಗುಟ್ಟೂ ಇದೇ. ಆದರೆ ಕಪ್ಪು ಅಥವಾ ಕಂದು ಚರ್ಮದ ಮೇಲೆ ಈ ಬಿಳಿಯ ತೆಳುಪದರ ಕೂತಾಗ ಅದು ನೀಲಿ ಬೆರೆತ ಬೂದುಬಣ್ಣವಾಗಿ ತೋರುತ್ತದೆ. ಕರಿಯ ಗೋಡೆಯ ಮುಂದೆ ಊದುಬತ್ತಿಯ ಹೊಗೆ ನೀಲಿಯಾಗಿ ಕಾಣುವಂತೆ. ನಸುಗೆಂಪು, ತಿಳಿಹಳದಿಗಳು ನಮ್ಮಲ್ಲಿ ಅನೇಕರಿಗೆ ಒಪ್ಪದಿರುವುದಕ್ಕೆ ಚರ್ಮದ ಬಣ್ಣವನ್ನು ದೂರುವುದು ಅನ್ಯಾಯ. ದೋಷವಿರುವುದು, ಬಿಳಿಯ ಚರ್ಮವನ್ನೇ ಮನಸ್ಸಿನಲ್ಲಿಟ್ಟು ಪುಡಿಯನ್ನು ಬೆರೆಸಿದವರಲ್ಲಿ.

ಮಿನುಗುವ ಬಣ್ಣಗಳ ಕಥೆ ಬೇರೆ. ಅಭ್ರಕವನ್ನು, ಅಂದರೆ ನಮ್ಮ ಹಳ್ಳಿಗಳ ಕಾಗೆಬಂಗಾರವನ್ನು, ಸಣ್ಣ ಹಾಳೆಗಳಾಗಿ ಸೀಳಿ ಅವಕ್ಕೆ ಟೈಟೇನಿಯಂ ಡೈಆಕ್ಸೈಡಿನ ತೆಳುಪೊರೆ ಹೊದಿಸುತ್ತಾರೆ. ಪೊರೆಯ ದಪ್ಪ ಸುಮಾರು 50 ನ್ಯಾನೊಮೀಟರ್ ಇದ್ದರೆ ಬೆಳ್ಳಿಯ ಹೊಳಪು. ದಪ್ಪ ಏರಿದಂತೆ ಹೊನ್ನು, ಕೆಂಪು, ನೀಲಿ, ಹಸಿರು ಕ್ರಮವಾಗಿ ಮೂಡುತ್ತವೆ. ಇಲ್ಲಿ ಬಣ್ಣವುಳ್ಳ ವಸ್ತುವೇ ಇಲ್ಲ! ಸಾಬೂನಿನ ಗುಳ್ಳೆಯಲ್ಲಿ ಆಗುವಂತೆ, ಪೊರೆಯ ಎರಡು ಮೈಗಳಿಂದ ಮರಳುವ ಬೆಳಕಿನ ಅಲೆಗಳ ವ್ಯತಿಕರಣವೇ ಬಣ್ಣವಾಗುತ್ತದೆ. ಆದುದರಿಂದ ಇಂತಹ ಪುಡಿಯನ್ನು ನೇರವಾಗಿ ನೋಡಿದರೆ ಸಾಲದು. ಕೈಯನ್ನು ಓರೆಯಾಗಿಸಿ ತಿರುಗಿಸಬೇಕು. ಓರೆಯಲ್ಲಿ ಹೊಳಪು ಹೋಗಿ ಬರಿಯ ಬೂದಿ ಕಂಡರೆ, ಅದರಲ್ಲಿ ನಿಜವಾದ ವರ್ಣದ್ರವ್ಯ ಕಡಿಮೆ ಎಂದು ತಿಳಿಯಬಹುದು.

ಇನ್ನು ಪರೀಕ್ಷೆಯ ವಿಧಾನ. ಒಣಗಿದ ಶುಭ್ರವಾದ ಬೆರಳನ್ನು ಬಿಲ್ಲೆಯ ಮೇಲೆ ಒಂದೇ ಸಲ ಹಗುರವಾಗಿ ಎಳೆದು, ಮುಂಗೈಯ ಒಳಭಾಗದಲ್ಲಿ ಒಂದೇ ಗೀಟು ಹಾಕಬೇಕು. ಹತ್ತು ಸಲ ತಿಕ್ಕಿದರೆ ಯಾವ ಪುಡಿಯೂ ಬಣ್ಣ ಕೊಟ್ಟೀತು! ಗೀಟು ತೇಪೆತೇಪೆಯಾಗಿ ಬಿದ್ದರೆ ಕಣಗಳನ್ನು ಸರಿಯಾಗಿ ಅರೆದಿಲ್ಲ. ಬೆರಳಿಗೆ ಪುಡಿಯೇ ಹತ್ತದೆ ಬಿಲ್ಲೆಯ ಮೇಲೆ ಮೇಣದಂತಹ ಗಟ್ಟಿ ಹೊಳಪು ಕಟ್ಟಿದ್ದರೆ ಅಂಟು ಅತಿಯಾಗಿರಬಹುದು. ಮುಟ್ಟಿದೊಡನೆ ಉದುರಿದರೆ ಅಂಟು ಸಾಲದು, ಇಲ್ಲವೆ ಒತ್ತಡ ಸಾಲದು. ಗೀಟಿನ ಮೇಲೆ ಒಮ್ಮೆ ಊದಿ ಎಷ್ಟು ಹಾರುತ್ತದೆಂದು ನೋಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ಎಣ್ಣೆ ಹೀರಿದ ಬಣ್ಣವೇ ದಿನವಿಡೀ ನಿಮ್ಮೊಡನಿರುವ ಬಣ್ಣ.

ಅಂಗಡಿಯ ದೀಪಗಳಲ್ಲಿ ಸೂರ್ಯನ ಬೆಳಕಿನ ಎಲ್ಲ ಬಣ್ಣಗಳೂ ಅದೇ ಪ್ರಮಾಣದಲ್ಲಿರುವುದಿಲ್ಲ. ಕೈಯನ್ನು ಬಾಗಿಲ ಬಳಿಗೆ ಒಯ್ದು ನೋಡುವುದರಲ್ಲಿ ಸಂಕೋಚ ಬೇಡ. ಸೀರೆ ಕೊಳ್ಳುವ ನಮ್ಮ ಅಜ್ಜಿಯಂದಿರು ಇದನ್ನು ಚೆನ್ನಾಗಿ ಬಲ್ಲರು. ನೆರೆಬಣ್ಣದ ಮೋಸವೂ ಸಣ್ಣದಲ್ಲ. ಪ್ಯಾರಿಸಿನ ಗೋಬ್ಲೆ ಜಮಖಾನೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಷೆವ್ರೆಲ್ ಎಂಬ ರಸಾಯನಜ್ಞನು, ಕಪ್ಪುನೂಲು ಮಸುಕಾಗಿದೆಯೆಂಬ ದೂರನ್ನು ಶೋಧಿಸಿ, ದೋಷ ಬಣ್ಣದಲ್ಲಿಲ್ಲ, ಪಕ್ಕದ ನೂಲಿನ ಬಣ್ಣದಲ್ಲಿದೆಯೆಂದು ಕಂಡುಕೊಂಡನು. 1839ರಲ್ಲಿ ಈ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದನು. ಕಿತ್ತಳೆಯ ಪಕ್ಕದಲ್ಲಿಟ್ಟ ನೀಲಿ ಹೆಚ್ಚು ನೀಲಿಯಾಗಿಯೇ ಕಾಣುವುದು. ಕಾಗದದಲ್ಲಿ ಒಂದು ತೂತು ಮಾಡಿ, ಉಳಿದ ಬಿಲ್ಲೆಗಳನ್ನು ಮುಚ್ಚಿ ಒಂದೊಂದನ್ನೇ ನೋಡಿದರೆ ಹನ್ನೆರಡು ಬಣ್ಣಗಳಲ್ಲಿ ನಾಲ್ಕೈದು ಒಂದೇ ಕಂದಿನ ಮರಿಗಳೆಂಬುದು ಹೊರಬೀಳುವುದುಂಟು.

ಇಷ್ಟೆಲ್ಲ ಪರೀಕ್ಷೆಯಲ್ಲಿ ತೇರ್ಗಡೆಯಾದ ಪುಡಿಯೂ ಕಣ್ಣಿಗೆ ಕೇಡು ಮಾಡಬಹುದು. ಗೆಲೀನದಷ್ಟು ಸೊಗಸಾದ ಕಪ್ಪು ಅಪರೂಪ. ಆದರೆ ಅದು ಸೀಸ. ಕೆಲವು ಸುರ್ಮಾಗಳಲ್ಲಿ ಅದು ಈಚೆಗೂ ಕಂಡುಬಂದಿದೆ. ಕಣ್ಣುಜ್ಜಿದ ಬೆರಳನ್ನು ಚೀಪುವ ಮಕ್ಕಳಿಗೆ ಅಪಾಯ ಹೆಚ್ಚು. ಸೀಸ ಮತ್ತು ಆರ್ಸೆನಿಕ್ಕಿನ ಸಂಯುಕ್ತಗಳನ್ನು ಬಣ್ಣವಾಗಿ ಬಳಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಅಮೆರಿಕದಲ್ಲಿ 1933ರ ಸುಮಾರಿಗೆ ರೆಪ್ಪೆಗೂದಲಿಗೆ ಹಚ್ಚುವ ಬಣ್ಣವೊಂದರಿಂದ ಕೆಲವರ ಕಣ್ಣುಗಳಿಗೆ ತೀವ್ರ ಹಾನಿಯಾಯಿತು; 1938ರಲ್ಲಿ ಅಲ್ಲಿ ಬಂದ ಕಟ್ಟುನಿಟ್ಟಾದ ಶಾಸನಕ್ಕೆ ಅದೂ ಒಂದು ಕಾರಣ.

ಆದುದರಿಂದ ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದತಕ್ಕದ್ದು. ಅಲ್ಲಿ ‘ಸಿ. ಐ.’ ಎಂಬ ಗುರುತಿನ ಮುಂದೆ ಐದಂಕಿಯ ಸಂಖ್ಯೆಗಳಿರುತ್ತವೆ. 77491 ಎಂದರೆ ಕೆಂಪು ಕಬ್ಬಿಣದ ಆಕ್ಸೈಡು, 77492 ಹಳದಿ, 77499 ಕಪ್ಪು. 77891 ಟೈಟೇನಿಯಂ ಡೈಆಕ್ಸೈಡು. 77007 ಅಲ್ಟ್ರಾಮರೀನ್ ನೀಲಿ. 75470 ಕಳ್ಳಿಯ ಮೇಲೆ ಬಾಳುವ ಹುಳುವಿನಿಂದ ತೆಗೆದ ಕಾರ್ಮೈನ್ ಕೆಂಪು. ಯಾವ ಪಟ್ಟಿಯೂ ಇಲ್ಲದ ಪೆಟ್ಟಿಗೆಯನ್ನು ಅಲ್ಲಿಯೇ ಬಿಡುವುದು ಲೇಸು. ಕೆಲವು ಕಣ್ಣು ಕೋರೈಸುವ ಬಣ್ಣಗಳ ಮೇಲೆ ‘ಕಣ್ಣಿನ ಸುತ್ತ ಬಳಸತಕ್ಕದ್ದಲ್ಲ’ ಎಂದು ತಯಾರಕರೇ ಅಚ್ಚುಮಾಡಿರುತ್ತಾರೆ. ಆದರೂ ಅವನ್ನು ಐಶ್ಯಾಡೊಗಳ ಸಾಲಿನಲ್ಲಿಯೇ ಇಟ್ಟು ಮಾರುವುದುಂಟು. ದಪ್ಪ ಮಿನುಗುಚೂರುಗಳು ಅನೇಕ ವೇಳೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆಯವು. ಒಂದು ಚೂರು ರೆಪ್ಪೆಯೊಳಗೆ ಸೇರಿದರೆ ಕಾರ್ನಿಯವನ್ನು ಗೀರಬಲ್ಲುದು. ಹೀಗೆ ಹೊರಗುಳಿದ ಪೆಟ್ಟಿಗೆಯೇನಾದರೂ ಮನೆಯಲ್ಲಿದ್ದರೆ, ಸ್ವಲ್ಪ ಅಂಟುನೀರು ಬೆರೆಸಿ ಅದರಿಂದ ಚಿತ್ರ ಬರೆಯಬಹುದು. ಕಾಗದದ ಮೇಲೆ ಅದು ಬಹಳ ಚೆನ್ನಾಗಿ ಹೊಳೆಯುತ್ತದೆ.